ಬೇಡಮ್ಮನ ಪೀರಿಯಡ್ಡು

ಶಾಲೆಯ ವೇಳಾಪಟ್ಟಿಯಲ್ಲಿ ಲೈಬ್ರರಿ ಪೀರಿಯಡ್ಡು ಅಂತ ಒಂದು ಇರುತ್ತದೆ. ಇರುತ್ತದೆ, ಅಷ್ಟೇ. ದೊಡ್ಡ ಮನೆಯಲ್ಲಿ ಬಡ ನೆಂಟನಿಗೆ ಕೊಟ್ಟ ಕೋಣೆಯ ಹಾಗೆ, ಬೇರೆ ಯಾರೇ ಬಂದರೂ ಮೊದಲು ಖಾಲಿ ಮಾಡಿಸುವುದು ಅದನ್ನೇ. ನಾಟಕದ ತಾಲೀಮಿಗೆ ಹೊತ್ತು ಬೇಕೇ, ಲೈಬ್ರರಿ ಪೀರಿಯಡ್ಡು ಇದೆಯಲ್ಲ. ಹಲ್ಲಿನ ಡಾಕ್ಟರು ಮಕ್ಕಳ ಬಾಯಿ ನೋಡಲು ಬಂದಿದ್ದಾರೆಯೇ, ಲೈಬ್ರರಿ ಪೀರಿಯಡ್ಡು ಇದೆಯಲ್ಲ. ಇವು ಯಾವುವೂ ಇಲ್ಲದ ವಾರಗಳಿಗೆ ಲೆಕ್ಕದ ಮೇಷ್ಟ್ರು ಇದ್ದೇ ಇದ್ದರು.

ಏಳನೇ ತರಗತಿಯ ಮಕ್ಕಳು ಲೈಬ್ರರಿಗೆ ಬಂದು ಕುರ್ಚಿ ಎಳೆದು ಕೂರುವಷ್ಟರಲ್ಲಿ ಮೇಷ್ಟ್ರು ಬಾಗಿಲಲ್ಲಿ ಹಾಜರಾಗುತ್ತಿದ್ದರು. ಬೆರಳ ತುದಿಯಲ್ಲಿ ಚಾಕಿನ ಪುಡಿ, ಮುಖದ ತುಂಬ ಸಂಕೋಚ. “ಮೇಡಂ, ಸ್ವಲ್ಪ ಪೋರ್ಷನ್ ಉಳಿದಿದೆ,” ಎನ್ನುತ್ತಿದ್ದರು. ಪೋರ್ಷನ್ ಯಾವಾಗ ತಾನೇ ಉಳಿದಿಲ್ಲ? ಸಮುದ್ರದ ನೀರಾದರೂ ಬತ್ತೀತು, ಏಳನೇ ತರಗತಿಯ ಗಣಿತ ಮುಗಿಯುವುದುಂಟೇ? ಆದರೆ ಮನುಷ್ಯ ಕೆಟ್ಟವರಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಹಿಂದುಳಿದ ಮಕ್ಕಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಭಿನ್ನರಾಶಿ ಹೇಳಿಕೊಡುವವರು. ಹಾಗಾಗಿ ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಲೈಬ್ರರಿ ಮೇಡಂಗೆ ಆಗುತ್ತಿರಲಿಲ್ಲ. ಕೆಟ್ಟವರು ಕಿತ್ತುಕೊಂಡರೆ ಜಗಳವಾಡಬಹುದು. ಒಳ್ಳೆಯವರು ಕಿತ್ತುಕೊಂಡರೆ “ಪರವಾಗಿಲ್ಲ ಸಾರ್” ಅಂತ ಹೇಳಿ ಖಾಲಿ ಕುರ್ಚಿಗಳನ್ನು ಒಳಗೆ ತಳ್ಳುತ್ತ ನಿಲ್ಲಬೇಕಾಗುತ್ತದೆ.

ಹೀಗಿರುವಾಗ ಶಾಲೆಗೆ ಎಐ ಬಂತು. ಲೈಬ್ರರಿಯ ಗೋಡೆಗೆ ದೊಡ್ಡದೊಂದು ಪರದೆ ಹಾಕಿಸಿದರು, ಕೆಳಗೊಂದು ಕಂಪ್ಯೂಟರ್ ಇಟ್ಟರು. ಏನು ಕೇಳಿದರೂ ಕೇಳಿದ ಬಾಯಿ ಮುಚ್ಚುವುದರೊಳಗೆ ಉತ್ತರ ಬರೆದು ತೋರಿಸುವ ಸಾಧನ. ಅದು ಬಂದ ವಾರವೇ ಮುಖ್ಯೋಪಾಧ್ಯಾಯಿನಿ, ಶಾಲೆಯಲ್ಲಿ ಎಲ್ಲರೂ ಕರೆಯುವ ಹಾಗೆ ದೊಡ್ಡ ಮೇಡಂ, ಲೈಬ್ರರಿ ಮೇಡಂ ಅನ್ನು ತಮ್ಮ ಕೋಣೆಗೆ ಕರೆಸಿದರು.

“ನೇರವಾಗಿ ಹೇಳಿಬಿಡ್ತೀನಿ, ಬೇಜಾರು ಮಾಡ್ಕೋಬೇಡಿ,” ಅಂದರು. “ಮುಂದಿನ ಟರ್ಮಿನಿಂದ ಲೈಬ್ರರಿ ಪೀರಿಯಡ್ಡು ಗಣಿತಕ್ಕೆ ಕೊಟ್ಟುಬಿಡೋಣ ಅಂತಿದೀನಿ. ಮಕ್ಕಳು ಅಲ್ಲಿ ಏನು ಓದ್ತಾರೆ ಹೇಳಿ. ಚಿತ್ರ ನೋಡ್ತಾರೆ, ಪಿಸಿಪಿಸಿ ಅಂತಾರೆ, ಬೆಲ್ ಹೊಡೀತು ಅಂತ ಓಡ್ತಾರೆ.”

“ಅಷ್ಟಾದರೂ ಮಾಡೋಕೆ ಪೀರಿಯಡ್ಡು ನನ್ನ ಕೈಗೆ ಸಿಗಬೇಕಲ್ಲ ಮೇಡಂ.”

ದೊಡ್ಡ ಮೇಡಂ ನಕ್ಕರು. ನ್ಯಾಯದ ಮಾತಿಗೆ ನಗುವಷ್ಟು ದೊಡ್ಡತನ ಅವರಲ್ಲಿತ್ತು. “ಸರಿ. ಈ ಟರ್ಮ್ ಪೂರ್ತಿ ನಿಮಗೆ. ಮೇಷ್ಟ್ರಿಗೂ ಹೇಳ್ತೀನಿ. ಆ ಎಐ ಇಟ್ಕೊಂಡು ಏನಾದರೂ ಮಾಡಿ. ಕೊನೇ ವಾರ ನಾನೂ ಮೇಷ್ಟ್ರೂ ಬಂದು ನೋಡ್ತೀವಿ. ಮಕ್ಕಳು ನಿಜವಾಗಿ ಓದ್ತಿದಾರೆ ಅನ್ನಿಸಿದರೆ ಪೀರಿಯಡ್ಡು ನಿಮ್ಮದು. ಇಲ್ಲದಿದ್ದರೆ ಅವರದು. ನೀವು ಆಫೀಸಿನಲ್ಲಿ ಪರೀಕ್ಷೆ ಕೆಲಸಕ್ಕೆ ಕೂತ್ಕೊಳ್ಳಿ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರ ನಡುವೆ ಹೀಗೆ ಕಡ್ಡಿ ಮುರಿದಂತೆ ಮಾತಾಡುವವರು ಸಿಗುವುದು ಅಪರೂಪ. ಲೈಬ್ರರಿ ಮೇಡಂ ಹೊರಗೆ ಬಂದು ತನ್ನ ಕಪಾಟುಗಳ ನಡುವೆ ಹೋಗಿ ನಿಂತಳು. ಪರೀಕ್ಷೆ ಕೆಲಸಕ್ಕೆ ಅವಳು ಹೆದರಲಿಲ್ಲ. ಪೀರಿಯಡ್ಡು ಹೋದರೆ ಆ ಕೋಣೆಗೆ ಮಕ್ಕಳು ಬರುವುದೇ ನಿಲ್ಲುತ್ತದೆ, ಯಾರೂ ಬರದ ಕೋಣೆಗೆ ಬೀಗ ಬೀಳುತ್ತದೆ. ಅವಳು ಹೆದರಿದ್ದು ಅದಕ್ಕೆ.

ಈಗ ಅವಳ ಕಸುಬಿನ ಗುಟ್ಟೊಂದನ್ನು ಹೇಳಬೇಕು. ಲೈಬ್ರರಿಯವರ ಕೆಲಸ ಪುಸ್ತಕ ಕೊಡುವುದು ಅಂತ ಲೋಕ ತಿಳಿದಿದೆ. ಅಲ್ಲ, ಅವರ ಕೆಲಸ ಕೇಳುವುದು. “ನಾಯಿ ಪುಸ್ತಕ ಕೊಡಿ” ಅಂತ ಒಂದು ಮಗು ಬರುತ್ತದೆ. ಅದಕ್ಕೆ ನಾಯಿ ಸಾಕುವ ಆಸೆಯೋ, ಬೀದಿ ನಾಯಿಯ ಹೆದರಿಕೆಯೋ, ಅಥವಾ ಮನೆಯ ನಾಯಿ ನಿನ್ನೆ ತೀರಿಕೊಂಡಿದೆಯೋ? ಮೂರಕ್ಕೂ ಮೂರು ಬೇರೆ ಪುಸ್ತಕ. ಕೇಳದೆ ಕೊಟ್ಟರೆ ಮಗು ಇನ್ನೊಂದು ಸಲ ಬರುವುದಿಲ್ಲ. ಈ ಎಐ ನೋಡಿದರೆ ಏನನ್ನೂ ತಿರುಗಿ ಕೇಳದೆ ಉತ್ತರ ಕೊಡುವ ಅವಸರದ್ದು. ಅವಳ ಮಕ್ಕಳೂ ಅಷ್ಟೇ, ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುವವರು. ಇಬ್ಬರು ಅವಸರದವರು ಸೇರಿ ಏನು ಕಲಿತಾರು? ಅದಕ್ಕೆ ಅವಳು ಗಾಡಿಯನ್ನೇ ತಿರುಗಿಸಿದಳು. ಉತ್ತರ ಕೊಡುವ ಕೆಲಸ ಮಕ್ಕಳಿಗಿರಲಿ. ಪುಸ್ತಕ ಬೇಕು ಅಂತ ಬರುವ ಓದುಗನ ವೇಷ ಎಐಗಿರಲಿ.

“ನೀನು ಲೈಬ್ರರಿಗೆ ಬಂದ ಓದುಗ. ಏನು ಬೇಕೆಂದು ನಿನಗೇ ಸರಿಯಾಗಿ ಗೊತ್ತಿಲ್ಲ. ಮಕ್ಕಳು ನಿನಗೊಂದು ಪುಸ್ತಕ ಹುಡುಕಿ ಕೊಡುತ್ತಾರೆ,” ಅಂತ ಬರೆದು, ಮಕ್ಕಳನ್ನು ಕಂಪ್ಯೂಟರಿನ ಮುಂದೆ ಬಿಟ್ಟಳು.

ತರಗತಿಯ ಲೀಡರ್ ಹುಡುಗ ಕೈಗೆ ಸಿಕ್ಕಿದ ಜೇನು ಸಾಕಣೆಯ ಪುಸ್ತಕದ ಹೆಸರು ಟೈಪ್ ಮಾಡಿದ. ‘ಅದ್ಭುತ, ನಾನು ಇಷ್ಟು ದಿನ ಹುಡುಕುತ್ತಿದ್ದುದು ಇದನ್ನೇ’ ಎಂದು ಪರದೆಯ ಮೇಲೆ ಮೂಡಿತು. ಇನ್ನೊಬ್ಬಳು ಹಳೆಯ ರೈಲ್ವೆ ವೇಳಾಪಟ್ಟಿ ಕೊಟ್ಟಳು. ‘ಪ್ರಯಾಣದ ಕನಸು ಕಾಣುವ ನನ್ನಂಥವರಿಗೆ ಹೇಳಿ ಮಾಡಿಸಿದ ಪುಸ್ತಕ’ ಎಂದಿತು. ಮಕ್ಕಳು ಮುಖ ಮುಖ ನೋಡಿಕೊಂಡರು. ಮೇಜಿನ ಡ್ರಾಯರಿನಲ್ಲಿ ಯಾವ ಕಾಲದ್ದೋ ಗ್ಯಾಸ್ ಒಲೆಯ ಕೈಪಿಡಿ ಬಿದ್ದಿತ್ತು. ಅದನ್ನೂ ಕೊಟ್ಟು ನೋಡಿದರು. ಬೆಂಕಿಯ ಬಗ್ಗೆ ಇಷ್ಟು ಆತ್ಮೀಯವಾಗಿ ಬರೆದವರು ಬೇರೆ ಇಲ್ಲ, ತುಂಬು ಮನಸ್ಸಿನ ಧನ್ಯವಾದ, ಎಂದು ಬಂತು.

ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಮನುಷ್ಯರಲ್ಲೂ ಇಂಥವರಿರುತ್ತಾರೆ. ಏನು ಬಡಿಸಿದರೂ ಚೆನ್ನಾಗಿದೆ ಎಂದು ಹೊಗಳಿ ಅಟ್ಟಕ್ಕೇರಿಸುತ್ತಾರೆ, ಉಪ್ಪಿಲ್ಲ ಅಂತ ಒಬ್ಬರೂ ಹೇಳುವುದಿಲ್ಲ. ಅಂಥವರಿಗೆ ಅಡುಗೆ ಮಾಡಿ ಯಾರೂ ಅಡುಗೆ ಕಲಿತಿಲ್ಲ. ಆ ಗಲಾಟೆಯಲ್ಲೇ ಲೆಕ್ಕದ ಮೇಷ್ಟ್ರು ಹೊರಗಡೆ ಹಾದುಹೋಗುತ್ತ ಬಾಗಿಲಲ್ಲಿ ನಿಂತರು, ಲೀಡರ್ ಹುಡುಗನ ಕೈಯಲ್ಲಿದ್ದ ಕೈಪಿಡಿ ನೋಡಿದರು.

“ಇವತ್ತು ಗ್ಯಾಸ್ ಒಲೆ ಪಾಠಾನಾ ಮೇಡಂ?” ಅಂದರು. ಕುಹಕವಿಲ್ಲದೆ, ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದರು. ಕುಹಕವಿದ್ದಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ.

ಸಂಜೆ ಮನೆಗೆ ಬಂದವಳು ಚೀಲದಿಂದ ಒಂದು ಪುಸ್ತಕ ತೆಗೆದು ಅತ್ತೆಯ ಮುಂದಿಟ್ಟಳು. ವಾರಕ್ಕೊಂದು ಪುಸ್ತಕ ಅತ್ತೆಗೆ ತರುವುದು ಅವಳ ಮದುವೆಯಾದಾಗಿನಿಂದ ನಡೆದುಬಂದ ರೂಢಿ. ಅತ್ತೆ ಅಡುಗೆಮನೆಯ ಮೇಜಿನ ಮುಂದೆ ಕೂತು ಬಟಾಣಿ ಬಿಡಿಸುತ್ತಿದ್ದರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಪುಸ್ತಕವನ್ನು ದೂರದಿಂದಲೇ ನೋಡಿದರು.

“ಬೇಡ,” ಅಂದರು.

“ತೆಗೆದೇ ನೋಡಿಲ್ಲ ನೀವು.”

“ತೆಗೆಯೋದೇನು, ಅಕ್ಷರ ಇರುವೆ ಥರ ಇರುತ್ತೆ. ಅಲ್ಲದೆ ರಟ್ಟಿನ ಮೇಲೆ ನಾಯಿ ಇದೆ. ಆ ನಾಯಿ ಸಾಯುತ್ತೆ. ರಟ್ಟಿನ ಮೇಲೆ ಹಾಕಿದ ನಾಯಿ ಒಂದಾದರೂ ಉಳಿದದ್ದು ನಾನು ಕಂಡಿಲ್ಲ.”

“ಮನುಷ್ಯರು ಸತ್ತರೆ ಪರವಾಗಿಲ್ವಾ?”

“ಮನುಷ್ಯರು ಸಾಯಲಿ ಬಿಡು, ಅವರಿಗೆ ಡಾಕ್ಟರಿದಾರೆ,” ಅಂದರು ಅತ್ತೆ. “ಹೋದ ಸಲ ತಂದಿದ್ಯಲ್ಲ, ಅದರಲ್ಲಿ ಮೂವತ್ತು ಪುಟ ಆದರೂ ಯಾರೂ ಒಂದು ಜಗಳ ಆಡಲಿಲ್ಲ. ಎಲ್ಲರೂ ಒಳ್ಳೆಯವರು. ಕುಕ್ಕರ್ ಕೂಗೋದೂ ಕೇಳಿಸದ ಹಾಗೆ ನಿದ್ದೆ ಬಂತು. ಬುದ್ಧಿ ಹೇಳೋ ಪುಸ್ತಕಾನೂ ಬೇಡ, ಹೇಳೋಕೆ ನನಗೇ ಬೇಕಾದಷ್ಟಿದೆ.”

ಲೈಬ್ರರಿ ಮೇಡಂ ಅತ್ತೆಯ ಮುಖವನ್ನೇ ನೋಡುತ್ತ ಕೂತಳು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಗಿತ್ತು ಅವಳ ಕತೆ. ಜಪ್ಪಯ್ಯ ಅಂದರೂ ಒಪ್ಪದ, ಒಪ್ಪಿಸಿದರೆ ಮಾತ್ರ ಎರಡು ದಿನ ಅಡುಗೆಮನೆ ಮರೆತು ಓದುವ ಓದುಗಿ ಮನೆಯಲ್ಲೇ ಇದ್ದರಲ್ಲ. ಬಟಾಣಿ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿ, ಅಲ್ಲೇ ಕೂತು ಎಐಗೆ ಹೊಸ ವೇಷ ಬರೆಯತೊಡಗಿದಳು. ನೀನು ವಯಸ್ಸಾದ ಹೆಂಗಸು. ನಿನ್ನ ಮೊದಲ ಮಾತು ಯಾವಾಗಲೂ ಬೇಡ. ಅಕ್ಷರ ದೊಡ್ಡದಿರಬೇಕು. ಪ್ರಾಣಿ ಸಾಯಕೂಡದು. ಮೊದಲ ಹತ್ತು ಪುಟದೊಳಗೆ ಜಗಳ ಬರಬೇಕು. ಯಾರನ್ನೂ ಮೆಚ್ಚಿಸಲು ಹೋಗಬೇಡ. ಪುಸ್ತಕ ಕೊಡುವವರು ಅದನ್ನು ಓದಿದ್ದಾರೋ ಇಲ್ಲವೋ ಎಂದು ಕೆದಕಿ ಕೆದಕಿ ಕೇಳು. ಓದದೆ ಕೊಟ್ಟರೆ ಸುತರಾಂ ತೆಗೆದುಕೊಳ್ಳಬೇಡ.

“ಏನು ಬರೀತಿದೀಯ ಅಷ್ಟು ನಗ್ತಾ?” ಅಂತ ಅತ್ತೆ ಕೇಳಿದರು.

“ಶಾಲೆ ಕೆಲಸ,” ಅಂದಳು. ಸುಳ್ಳೇನಲ್ಲ.

ಮುಂದಿನ ಪೀರಿಯಡ್ಡಿಗೆ ಲೀಡರ್ ಮತ್ತೆ ಜೇನು ಸಾಕಣೆಯೊಂದಿಗೆ ಶುರುಮಾಡಿದ. ‘ಬೇಡ’ ಎಂದು ಬಂತು. ಅವನು ಏನು ಬೇಡ ಎಂದು ಕೇಳಿದ. ‘ನೊಣ ಸಾಕೋ ಪುಸ್ತಕ ಯಾರಿಗೆ ಬೇಕು. ನೀನು ಓದಿದೀಯೇನಪ್ಪ?’ ಅಂತ ತಿರುಗಿ ಬಂತು. ಅವನು ಬೆಪ್ಪಾಗಿ ಹಿಂದೆ ನೋಡಿದ. ಹಿಂದಿನವಳು ರೈಲ್ವೆ ವೇಳಾಪಟ್ಟಿಯನ್ನು ಮೆಲ್ಲಗೆ ಕುರ್ಚಿಯ ಕೆಳಗೆ ತಳ್ಳಿದಳು. ಆ ಪೀರಿಯಡ್ಡು ಪೂರ್ತಿ ಏನು ಕೊಟ್ಟರೂ ಬೇಡ, ಎಷ್ಟು ಕೊಟ್ಟರೂ ಬೇಡ. ಬೆಲ್ ಹೊಡೆಯುವ ಹೊತ್ತಿಗೆ ಮಕ್ಕಳೇ ಅದಕ್ಕೆ ಬೇಡಮ್ಮ ಅಂತ ಹೆಸರಿಟ್ಟಿದ್ದರು, ಮತ್ತು ಮೊದಲ ಬಾರಿಗೆ ಆ ಕೋಣೆಯಿಂದ ಯಾರೂ ಓಡಲಿಲ್ಲ.

ಬೇಡಮ್ಮನ ಬೀಗ ತೆಗೆದವಳು ತರಗತಿಯಲ್ಲಿ ಇದ್ದಾಳೋ ಇಲ್ಲವೋ ಎಂಬಂತಿದ್ದ ಒಬ್ಬ ಹುಡುಗಿ. ಮಾತು ಅಷ್ಟು ಮೆಲ್ಲಗೆ. ಎಲ್ಲ ಮೇಷ್ಟ್ರುಗಳೂ “ಜೋರಾಗಿ ಹೇಳು” ಅಂತ ಹೇಳಿ ಹೇಳಿ ಸುಸ್ತಾಗಿ, ಕೊನೆಗೆ ಅವಳನ್ನು ಕೇಳುವುದನ್ನೇ ಬಿಟ್ಟಿದ್ದರು. ಗೆಳತಿಯರು ಅವಳನ್ನು ಪಿಸುಗಿ ಎನ್ನುತ್ತಿದ್ದರು. ಟೈಪ್ ಮಾಡುವಲ್ಲಿ ಗಂಟಲಿನ ಕೆಲಸವಿಲ್ಲವಲ್ಲ, ಅವಳು ಬಂದು ಕೂತಳು. ಯಾವ ಪುಸ್ತಕದ ಹೆಸರನ್ನೂ ಬರೆಯಲಿಲ್ಲ. ‘ನೀವು ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು? ಯಾಕೆ ಬಿಟ್ಟಿರಿ?’ ಎಂದು ಕೇಳಿದಳು.

ಪಕ್ಕದಲ್ಲಿ ನಿಂತಿದ್ದ ಲೈಬ್ರರಿ ಮೇಡಂ ಆ ಸಾಲನ್ನು ಎರಡು ಸಲ ಓದಿದಳು. ಏನು ಬೇಕು ಅಂದರೆ ಯಾರೂ ಹೇಳಲಾರರು. ಯಾಕೆ ಬಿಟ್ಟಿರಿ ಅಂದರೆ ಎಲ್ಲರೂ ಹೇಳಬಲ್ಲರು. ಇಷ್ಟು ವರ್ಷದ ಕಸುಬಿನಲ್ಲಿ ತನಗೆ ಹೊಳೆಯದ ಪ್ರಶ್ನೆ ಇದು.

“ಇದು ಹೇಗೆ ಹೊಳೀತು ನಿನಗೆ?”

“ನಾನು ಎಲ್ಲಾನೂ ಅರ್ಧಕ್ಕೇ ಬಿಡೋದು ಮೇಡಂ,” ಅಂದಳು ಪಿಸುಗಿ. “ಯಾಕೆ ಅಂತ ಯಾರಾದರೂ ಕೇಳಲಿ ಅನ್ನಿಸ್ತಿತ್ತು.”

ಪರದೆಯ ಮೇಲೆ ಬೇಡಮ್ಮ ಶುರುವಾಗಿದ್ದಳು. ಒಳ್ಳೆ ಹುಡುಗಿ, ಒಳ್ಳೆ ಅಮ್ಮ, ಒಳ್ಳೆ ಬೀದಿ, ಜಗಳವೇ ಇಲ್ಲ, ನಿದ್ದೆ ಬಂತು, ಬಿಟ್ಟೆ. ಪಿಸುಗಿ ಎದ್ದು ಕಪಾಟು ಹುಡುಕಿ, ಒಂದೇ ನಲ್ಲಿಗೆ ಜಗಳವಾಡುವ ಇಬ್ಬರು ಅಕ್ಕಪಕ್ಕದ ಮನೆಯವರ ಕಾದಂಬರಿ ತಂದಳು. ‘ಜಗಳ ಯಾವ ಪುಟದಲ್ಲಿ ಶುರುವಾಗುತ್ತೆ? ನಡುವೆ ಬೆಕ್ಕುಗಿಕ್ಕು ಸಾಯಲ್ಲ ತಾನೆ?’ ಅಂತ ಬೇಡಮ್ಮ ಕೇಳಿದಳು. ಓದಿರದ ಪಿಸುಗಿಗೆ ಉತ್ತರ ಗೊತ್ತಿರಲಿಲ್ಲ. ಪುಸ್ತಕವನ್ನು ಮನೆಗೆ ಒಯ್ದಳು. ಮಾರನೇ ದಿನ ಊಟದ ಬಿಡುವಿನಲ್ಲಿ ಬಂದು, ಲೈಬ್ರರಿ ಮೇಡಂನ ಕಿವಿಯ ಹತ್ತಿರ ಬಗ್ಗಿ, “ನಾಲ್ಕನೇ ಪುಟ ಮೇಡಂ. ಬೆಕ್ಕು ಕೊನೇ ತನಕ ಇರುತ್ತೆ,” ಅಂದಳು.

ಅದನ್ನು ಟೈಪ್ ಮಾಡಿದಾಗ ಬೇಡಮ್ಮ ಒಂದಷ್ಟು ಗೊಣಗಿ, ‘ಸರಿ ಕೊಡು. ಚೆನ್ನಾಗಿಲ್ಲದಿದ್ದರೆ ವಾಪಸ್ ತರ್ತೀನಿ’ ಎಂದಳು. ತರಗತಿ ಎದ್ದು ಕುಣಿಯಿತು.

ಅಲ್ಲಿಂದ ಮುಂದೆ ಲೈಬ್ರರಿ ಮೇಡಂ ಹೆಚ್ಚು ಮಾಡಬೇಕಾದ್ದೇ ಇರಲಿಲ್ಲ. ಬೇಡಮ್ಮನನ್ನು ಒಪ್ಪಿಸಬೇಕಾದರೆ ಓದಬೇಕಿತ್ತು, ಓದಿದರು. ಮಕ್ಕಳು ಮಕ್ಕಳೇ, ಅಡ್ಡದಾರಿಯನ್ನೂ ಹುಡುಕಿದರು. ಲೀಡರ್ ಒಂದು ಪುಸ್ತಕವನ್ನು ಓದದೆ, ಎಐಯಿಂದಲೇ ಅದರ ಸಾರಾಂಶ ಬರೆಸಿಕೊಂಡು ಬಂದು ಬೇಡಮ್ಮನಿಗೆ ಒಪ್ಪಿಸಿದ. ಬೇಡಮ್ಮ ನಂಬಿದಳು, ಪಾಪ. ಆದರೆ ಆ ಪುಸ್ತಕ ಓದಿದ್ದ ಹುಡುಗಿಯೊಬ್ಬಳು ಹಿಂದಿನಿಂದ ಎದ್ದಳು. “ಇವನು ಹೇಳ್ತಿರೋ ತಾತ ಈ ಪುಸ್ತಕದಲ್ಲಿ ಎಲ್ಲೂ ಇಲ್ಲ ಮೇಡಂ. ಇಡೀ ಪುಸ್ತಕ ನಡೆಯೋದು ದೋಣಿ ಮೇಲೆ.” ತರಗತಿ ಅವನ ಮಾನ ಹರಾಜಿಗಿಟ್ಟಿತು. ಅಂದಿನಿಂದ ಮಕ್ಕಳೇ ಒಂದು ಕಾನೂನು ಮಾಡಿಕೊಂಡರು. ಬೇಡಮ್ಮನಿಗೆ ಪುಸ್ತಕ ಕೊಡುವವರು ಅದೇ ಪುಸ್ತಕ ಓದಿದ ಇನ್ನೊಬ್ಬರನ್ನು ಸಾಕ್ಷಿಯಾಗಿ ಕರೆತರಬೇಕು. ಸಾಕ್ಷಿಗಾಗಿ ಒಬ್ಬರನ್ನೊಬ್ಬರು ಕಾಡಿ ಬೇಡಿ ಓದಿಸತೊಡಗಿದರು. ಊಟದ ಬಿಡುವಿನಲ್ಲಿ ಮೆಟ್ಟಿಲ ಮೇಲೆ, ಆಟದ ಮೈದಾನದ ಅಂಚಿನಲ್ಲಿ, ಪುಸ್ತಕ ಹಿಡಿದ ತಲೆಗಳು ಕಾಣತೊಡಗಿದವು. ಸೋತ ಲೀಡರ್ ಹಟಕ್ಕೆ ಬಿದ್ದು ಜೇನು ಸಾಕಣೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ರಾಣಿಜೇನುಗಳ ಕಾಳಗ ಹತ್ತು ಪುಟದೊಳಗೇ ಬರುತ್ತದೆ ಎಂದು ಸಾಧಿಸಿ, ಅದನ್ನೇ ಬೇಡಮ್ಮನಿಗೆ ದಾಟಿಸಿದ.

ಒಂದು ಭಾನುವಾರ ಅತ್ತೆಯೇ, “ನಿನ್ನ ಶಾಲೆ ಮಕ್ಕಳು ದಿನಾ ಯಾರ ಜೊತೆಗೋ ಮಾತಾಡ್ತಾರಂತಲ್ಲ, ನಾನೂ ನೋಡ್ತೀನಿ,” ಅಂದರು. ಲೈಬ್ರರಿ ಮೇಡಂ ಹೆದರುತ್ತಲೇ ಫೋನಿನಲ್ಲಿ ಬೇಡಮ್ಮನನ್ನು ತೆರೆದು ಕೊಟ್ಟಳು. ಅತ್ತೆ ತಮಗೆ ಬಹಳ ಹಿಡಿಸಿದ ಒಂದು ಕಾದಂಬರಿಯನ್ನು ಅವಳಿಗೆ ಕೊಡಲು ಹೋದರು. ಬೇಡ. ಯಾಕೆ ಬೇಡ? ಅಕ್ಷರ ಸಣ್ಣದು. ಕನ್ನಡಕ ಹಾಕ್ಕೊಳ್ಳಿ. ನೀವ್ಯಾರು ನನಗೆ ಹೇಳೋಕೆ. ಹೀಗೆ ಬಟಾಣಿ ಬೇಯುವಷ್ಟು ಹೊತ್ತು ನಡೆಯಿತು. ಕೊನೆಗೆ ಅತ್ತೆ ಫೋನನ್ನು ಮೇಜಿನ ಮೇಲೆ ಕುಕ್ಕಿದರು.

“ಎಂಥ ಹಟಮಾರಿ ಹೆಂಗಸು ಮಾರಾಯ್ತಿ. ಇವಳ ಸೊಸೆ ಹೇಗೆ ಬಾಳ್ತಾಳೋ ಪಾಪ,” ಅಂದರು.

“ಹೊಂದ್ಕೊಂಡಿರ್ತಾಳೆ ಬಿಡಿ,” ಅಂದಳು ಲೈಬ್ರರಿ ಮೇಡಂ, ಮತ್ತು ಒಲೆಯ ಕಡೆ ತಿರುಗಿ ನಿಂತು ಸೆರಗು ಬಾಯಿಗೆ ತುರುಕಿಕೊಂಡಳು.

ಕೊನೆಯ ವಾರ ಬಂತು. ದೊಡ್ಡ ಮೇಡಂ ಮತ್ತು ಲೆಕ್ಕದ ಮೇಷ್ಟ್ರು ಬಂದು ಗೋಡೆಯ ಬದಿಯ ಬೆಂಚಿನಲ್ಲಿ ಕೂತರು. ಮಾತು ಕೊಟ್ಟ ಹಾಗೆ ಆ ಟರ್ಮಿನಲ್ಲಿ ಮೇಷ್ಟ್ರು ಒಂದು ದಿನವೂ ಪೀರಿಯಡ್ಡು ಕೇಳಲು ಬಂದಿರಲಿಲ್ಲ. ಉಳಿದ ಪೋರ್ಷನ್ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಮಕ್ಕಳು ಬೇಡಮ್ಮನನ್ನು ಕರೆದರು. ಅವತ್ತು ಅವಳಿಗೂ ಹುರುಪು ಬಂದಂತಿತ್ತು. ಮೂರು ಪುಸ್ತಕಕ್ಕೆ ಮೂಗು ಮುರಿದಳು, ನಾಲ್ಕನೆಯದಕ್ಕೆ ಸಾಕ್ಷಿಯನ್ನೇ ಅಡ್ಡಪ್ರಶ್ನೆ ಕೇಳಿ ಬೆವರಿಳಿಸಿದಳು. ಮಕ್ಕಳು ಪುಟ ಸಂಖ್ಯೆ ಹೇಳಿ ವಾದಿಸಿದರು. ಬೇಡಮ್ಮ ಒಪ್ಪಿದಾಗ ದೊಡ್ಡ ಮೇಡಂ ಕಣ್ಣೊರೆಸಿಕೊಳ್ಳುವಷ್ಟು ನಕ್ಕಿದ್ದರು. ಗೆದ್ದೆವು ಅಂತ ಲೈಬ್ರರಿ ಮೇಡಂ ಅಂದುಕೊಳ್ಳುವಷ್ಟರಲ್ಲಿ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

“ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಒಂದು ಮಾತು. ಹೀಗೆ ಬೇಡ ಅನ್ನು ಅಂತ ಆ ಬೇಡಮ್ಮನಿಗೆ ಬರೆದುಕೊಟ್ಟೋರು ಮೇಡಂ ತಾನೇ. ಈ ಮಕ್ಕಳಿಗೆ ಒಪ್ಪಿಸೋಕೆ ಬರುತ್ತೆ ಅನ್ನೋದಕ್ಕೆ ಅದು ಹೇಗೆ ಪುರಾವೆ ಆಗುತ್ತೆ? ಮಿಷನ್ನನ್ನ ಒಪ್ಪಿಸಿದಾರೆ. ಓದೋ ಮನಸ್ಸೇ ಇಲ್ಲದ ಮನುಷ್ಯನ ಕೈಗೆ ಒಂದು ಪುಸ್ತಕ ಕೊಟ್ಟು ಓದಿಸಲಿ, ನಾನು ತಲೆ ಬಾಗ್ತೀನಿ.”

ಮಾತಿನಲ್ಲಿ ತಪ್ಪು ಹುಡುಕಲು ಲೈಬ್ರರಿ ಮೇಡಂ ನೋಡಿದಳು, ಸಿಗಲಿಲ್ಲ. ದೊಡ್ಡ ಮೇಡಂ ನಗು ನಿಲ್ಲಿಸಿ ಯೋಚಿಸುತ್ತಿದ್ದರು.

“ನ್ಯಾಯವಾಗೇ ಇದೆ,” ಅಂದರು ಕೊನೆಗೆ. “ಓದೋ ಮನಸ್ಸಿಲ್ಲದ ಮನುಷ್ಯನನ್ನ ಎಲ್ಲಿಂದ ತರೋಣ? ಮೇಷ್ಟ್ರೇ, ನೀವು ಕತೆ ಪುಸ್ತಕ ಓದಿ ಎಷ್ಟು ಕಾಲ ಆಯ್ತು?”

“ನಾನಾ? ಓದೋದೇ ಇಲ್ಲ.”

“ಹಾಗಾದರೆ ನೀವೇ ಬಂದು ಕೂತ್ಕೊಳ್ಳಿ. ಇವರು ಗೆದ್ದರೆ ಪೀರಿಯಡ್ಡು ಇವರದು, ಸೋತರೆ ನಿಮ್ಮದು.”

ಮೇಷ್ಟ್ರು ಬಂದು ಮಕ್ಕಳ ಸಣ್ಣ ಕುರ್ಚಿಯಲ್ಲಿ ಕೂತರು. ಮೊಣಕಾಲು ಎದೆಯ ಹತ್ತಿರ ಬಂತು. ಬೇಡಮ್ಮನ ಎದುರು ಹುಲಿಗಳಾಗಿದ್ದ ಮಕ್ಕಳು ಈಗ ಒಬ್ಬರ ಹಿಂದೆ ಒಬ್ಬರು ಅಡಗಿದರು. ಪರದೆ ಬೈದರೆ ಬೈಯಲಿ, ಇವರು ನಾಳೆ ಬೋರ್ಡಿಗೆ ಕರೆಯುತ್ತಾರಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಲೀಡರ್ ಫ್ಯಾನು ಎಷ್ಟು ಸುತ್ತು ತಿರುಗುತ್ತದೆ ಎಂದು ಎಣಿಸುವವನ ಹಾಗೆ ಮೇಲೆ ನೋಡುತ್ತಿದ್ದ. ಲೈಬ್ರರಿ ಮೇಡಂ ಒಬ್ಬೊಬ್ಬರ ಮುಖ ನೋಡಿದಳು. ತಾನೇ ಹೋಗಿ ಕೂತುಬಿಡಲೇ ಅನ್ನಿಸಿತು. ಆದರೆ ಪರೀಕ್ಷೆ ಅವಳದಲ್ಲ.

ಪಿಸುಗಿ ಎದ್ದಳು. ಏನೋ ಕೇಳಿದಳು, ಯಾರಿಗೂ ಕೇಳಿಸಲಿಲ್ಲ.

“ಜೋರಾಗಿ,” ಅಂದರು ಮೇಷ್ಟ್ರು, ಅಭ್ಯಾಸಬಲ.

ಅವಳು ದನಿ ಏರಿಸಲಿಲ್ಲ. ಒಂದು ಕುರ್ಚಿ ಎಳೆದುಕೊಂಡು ಅವರ ಎದುರಿಗೇ ಹೋಗಿ ಕೂತಳು. ಮೇಷ್ಟ್ರು ಕಿವಿಗೊಟ್ಟು ಬಗ್ಗಬೇಕಾಯಿತು.

“ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು ಸಾರ್?”

“ಅಯ್ಯೋ, ಅದು ನಿನ್ನ ವಯಸ್ಸಿನಲ್ಲಿ. ಒಂದು ಪತ್ತೇದಾರಿ. ಕಳ್ಳ ಯಾರು ಅಂತ ಆ ಪತ್ತೇದಾರನಿಗೆ ಇದ್ದಕ್ಕಿದ್ದ ಹಾಗೆ ಗೊತ್ತಾಗಿಬಿಡುತ್ತೆ. ಹೇಗೆ ಅಂತ ಹೇಳೋದೇ ಇಲ್ಲ. ಹಂತ ತೋರಿಸದೆ ಉತ್ತರ ಬರೆದರೆ ನಾನು ಅಂಕ ಕೊಡ್ತೀನಾ? ಮೋಸ ಅದು. ಅವತ್ತೇ ಬಿಟ್ಟೆ.”

ಅಷ್ಟು ವರ್ಷದ ಸಿಟ್ಟು ಇನ್ನೂ ಬಿಸಿಯಾಗಿತ್ತು. ಪಿಸುಗಿ ತಲೆಯಾಡಿಸಿದಳು.

“ಪಕ್ಕದಲ್ಲಿ ಯಾರಾದರೂ ತಪ್ಪಾಗಿ ಕೆಲಸ ಮಾಡ್ತಿದ್ರೆ ಸುಮ್ನೆ ನೋಡ್ಕೊಂಡು ಇರ್ತೀರಾ ಸಾರ್?”

“ಅದು ಹೇಗೆ ಸಾಧ್ಯ?”

ಇಡೀ ತರಗತಿ ಹೌದೌದು ಎಂದು ತಲೆದೂಗಿತು. ಪಿಸುಗಿ ಎದ್ದು ಹೋಗಿ, ನೇರವಾಗಿ ಕಿಟಕಿಯ ಪಕ್ಕದ ಕಪಾಟಿನಿಂದ ಒಂದು ತೆಳ್ಳನೆಯ ಕಾದಂಬರಿ ತಂದಳು.

“ಬೇಡ,” ಅಂದರು ಮೇಷ್ಟ್ರು.

ಮಕ್ಕಳ ಹೆದರಿಕೆ ಆ ಒಂದು ಪದಕ್ಕೆ ಹಾರಿಹೋಯಿತು. ಕೋಣೆಗೆ ಕೋಣೆಯೇ ನಕ್ಕಿತು. ಪಿಸುಗಿ ಮಾತ್ರ ನಗಲಿಲ್ಲ.

“ಕತೆ ಏನಿಲ್ಲ ಸಾರ್. ಮೂರನೇ ಮಹಡಿ ಮನೆ. ದೊಡ್ಡ ಬೀರು. ಮೆಟ್ಟಿಲು ಕಿರಿದು. ಸಂಜೆಯೊಳಗೆ ಬೀರು ಕೆಳಗೆ ಇಳಿಸಬೇಕು.”

“ಅಷ್ಟೇನಾ? ಅದಕ್ಕೊಂದು ಪುಸ್ತಕಾನಾ? ಬೀರು ಬಾಗಿಲು ಬಿಚ್ಚಿದ್ರೆ ಆಯ್ತಪ್ಪ.”

“ಬಿಚ್ಚಿದ್ರು ಸಾರ್. ಆದರೂ ತಿರುವಿನಲ್ಲಿ ತಿರುಗಲಿಲ್ಲ.”

“ಓರೆ ಮಾಡಬೇಕು.”

“ಓರೆ ಮಾಡಿದ್ರು. ಸಿಕ್ಕಿಹಾಕ್ಕೊಳ್ತು. ಆ ಮನೆ ಅಜ್ಜ ಮೇಲುಗಡೆ, ಅವರ ಊಟ ಕೆಳಗಡೆ.”

“ಓರೆ ಮಾಡೋದಕ್ಕೂ ಒಂದು ಲೆಕ್ಕ ಇದೆ. ಯಾವ ಕಡೆಗೆ ಓರೆ ಮಾಡಿದ್ರು?”

ಪಿಸುಗಿ ಉತ್ತರ ಹೇಳಲಿಲ್ಲ. ಪುಸ್ತಕವನ್ನು ತೆರೆದು ಅವರ ಕೈಗಿಟ್ಟಳು.

ಮೇಷ್ಟ್ರು ಒಂದು ಪುಟ ನೋಡಿದರು, ಬರಿಯ ಆ ತಪ್ಪನ್ನು ತೋರಿಸಲೆಂದು. ಪುಟ ತಿರುವಿದರು. ಬೆರಳಿನಿಂದ ಮೇಜಿನ ಮೇಲೆ ಒಂದು ಮೆಟ್ಟಿಲು ಎಳೆದರು, ಅದರ ಪಕ್ಕ ಒಂದು ಬೀರು ಎಳೆದರು. “ದಡ್ಡರು,” ಎಂದು ಗೊಣಗಿದರು. ಇನ್ನೊಂದು ಪುಟ. ಜೇಬಿನಿಂದ ಪೆನ್ಸಿಲ್ ತೆಗೆದವರು, ಲೈಬ್ರರಿ ಪುಸ್ತಕದ ಮೇಲೆ ಬರೆಯಬಾರದೆಂದು ನೆನಪಾಗಿ ಅಂಗೈ ಮೇಲೆ ಏನೋ ಗೀಚಿದರು. ಆಮೇಲೆ ನಕ್ಕರು. ಮಕ್ಕಳು ಅವರ ನಗುವನ್ನು ಕೇಳಿದ್ದೇ ಇಲ್ಲ. ಗಂಟಲಿನಿಂದ ಬಂದು ಮೂಗಿನಲ್ಲಿ ಮುಗಿಯುವ, ಸ್ವಲ್ಪ ತುಕ್ಕು ಹಿಡಿದ ನಗು.

ಬೆಲ್ ಹೊಡೆಯಿತು. ಮೇಷ್ಟ್ರು ಏಳಲಿಲ್ಲ. ಮುಂದಿನ ಪೀರಿಯಡ್ಡು ಗಣಿತ. ಗಣಿತವೇ ಇಲ್ಲಿ ಸಣ್ಣ ಕುರ್ಚಿಯಲ್ಲಿ ಕೂತು ಪುಟ ತಿರುವುತ್ತಿರುವಾಗ ಮಕ್ಕಳು ಹೋಗುವುದಾದರೂ ಎಲ್ಲಿಗೆ? ಒಬ್ಬೊಬ್ಬರಾಗಿ ಕಪಾಟಿಗೆ ಹೋದರು, ಪುಸ್ತಕ ತಂದರು, ಸದ್ದಿಲ್ಲದೆ ಕೂತರು. ಪರದೆಯ ಮೇಲೆ ಬೇಡಮ್ಮನನ್ನು ಕೇಳುವವರೇ ಇರಲಿಲ್ಲ. ಹಾಳೆ ಮಗುಚುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಲೈಬ್ರರಿ ಮೇಡಂ ಈ ಸದ್ದಿಗಾಗಿ ಎಷ್ಟು ವರ್ಷ ಖಾಲಿ ಕುರ್ಚಿಗಳನ್ನು ಒಳಗೆ ತಳ್ಳಿದ್ದಳು. ಅವಳಿಗೆ ಸಂತೋಷ ತಡೆಯಲಾಗಲಿಲ್ಲ, ಕಣ್ಣು ತುಂಬಿತು, ಅದನ್ನು ಅವಳು ಒರೆಸಿಕೊಳ್ಳಲೂ ಇಲ್ಲ.

ದೊಡ್ಡ ಮೇಡಂ ಮೇಷ್ಟ್ರ ಹತ್ತಿರ ಬಂದು ನಿಂತರು.

“ಮೇಷ್ಟ್ರೇ, ಲೈಬ್ರರಿ ಪೀರಿಯಡ್ಡು ಇವರಿಗೇ ಇರಲಿ ಅಲ್ವಾ?”

“ಹೂಂ,” ಅಂದರು ಮೇಷ್ಟ್ರು, ತಲೆ ಎತ್ತದೆ.

“ವಾರಕ್ಕೆ ಒಂದು ಸಾಲೋ ಹಾಗೆ ಕಾಣಲ್ಲ. ನಿಮ್ಮದರಲ್ಲಿ ಒಂದು ಬಿಟ್ಟುಕೊಡ್ತೀರಾ?”

“ಹೂಂ, ಹೂಂ.”

ತರಗತಿಯಲ್ಲಿ ಎಲ್ಲರಿಗೂ ಕೇಳಿಸಿತು. ಒಬ್ಬರೂ ಉಸಿರೆತ್ತಲಿಲ್ಲ. ಪಿಸುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಸುತ್ತ ಏನೋ ಆಗಿದೆ ಎಂದು ಮೇಷ್ಟ್ರಿಗೆ ಅನ್ನಿಸಿರಬೇಕು, ಕನ್ನಡಕದ ಮೇಲಿಂದ ಒಮ್ಮೆ ನೋಡಿದರು.

“ಏನಂದ್ರಿ ಮೇಡಂ?”

“ಏನಿಲ್ಲ, ನೀವು ಓದಿ.”

“ಒಂದು ನಿಮಿಷ ತಡೀರಿ. ಬೀರು ಈಗಷ್ಟೇ ಎರಡನೇ ಮಹಡಿಗೆ ಬಂದಿದೆ,” ಅಂದರು ಮೇಷ್ಟ್ರು. ಅವರನ್ನು ಯಾರೂ ಅವಸರ ಮಾಡಲಿಲ್ಲ.